ಹೊರೆ ಹೊತ್ತವರಿಗೆ ಒಂಬತ್ತು ಮೆಟ್ಟಿಲು

ನಮ್ಮೂರು ಪ್ರತಿ ಸೋಮವಾರ ಕೋಳಿ ಕೂಗುವ ಹೊತ್ತಿಗೆ ಹೊಸದಾಗಿ ಬರುತ್ತದೆ. ಬೀದಿ ಅವೇ, ಮನೆ ಅವೇ, ಬಾಯಿಬಡುಕರೂ ಅವರೇ. ಆದರೆ ಎಲ್ಲೋ ಒಂದು ಕಡೆ ಏನೋ ಒಂದು ಎಡವಟ್ಟಾಗಿರುತ್ತದೆ. ಅದನ್ನು ಮಂಗಳವಾರ ಸಂಜೆ ಆರರ ಗಂಟೆ ಹೊಡೆಯುವುದರೊಳಗೆ ಪತ್ತೆಹಚ್ಚಿ, ಬರೆದು, ನಮ್ಮ ಕಚೇರಿಯ ಗೋಡೆಯಲ್ಲಿರುವ ಕಲ್ಲಿನ ಪೆಟ್ಟಿಗೆಗೆ ಹಾಕಿದರೆ ಮುಂದಿನ ಸೋಮವಾರಕ್ಕೆ ಸರಿಹೋಗಿರುತ್ತದೆ. ಹಾಕದಿದ್ದರೆ ಗಂಟೆ ಹೊಡೆದ ಕೂಡಲೇ ಊರು ಗಟ್ಟಿಯಾಗಿಬಿಡುತ್ತದೆ. ಆಮೇಲೆ ಬ್ರಹ್ಮ ಬಂದರೂ ಆ ಎಡವಟ್ಟು ಅಲ್ಲಾಡುವುದಿಲ್ಲ.

ಹಾಗೆ ಉಳಿದುಹೋದವು ಊರ ತುಂಬಾ ಇವೆ. ಹಳ್ಳದ ಸೇತುವೆ ಮೇಲೆ ಕಾಲಿಟ್ಟವರಿಗೆಲ್ಲ ಸೀನು ಬರುತ್ತದೆ. ಒಂಟಿ ಸೀನು ಅಪಶಕುನ ನೋಡಿ, ಅದಕ್ಕೇ ನಮ್ಮ ಜನ ಒಂದು ಸೀನಿ, ನಿಂತು, ಮೂಗು ತಿಕ್ಕಿಕೊಂಡು ಇನ್ನೊಂದನ್ನೂ ಸೀನಿಯೇ ಮುಂದೆ ಹೋಗುವುದು. ತಿಮ್ಮಯ್ಯನ ಹೋಟೆಲಿನ ಮೂರನೇ ಮೇಜಿನ ಮೇಲೆ ಏನಿಟ್ಟರೂ ಹಾಗಲಕಾಯಿ ರುಚಿ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಐದಕ್ಕೇ ಬಂದು ಆ ಮೇಜಿಗೆ ಟವೆಲ್ ಹಾಸಿ ಜಾಗ ಹಿಡಿಯುತ್ತಾರೆ. ಅಂಚೆ ಕಚೇರಿಗೆ ಬಲಗಾಲಿಟ್ಟು ಹೋದರೆ ಹಿತ್ತಲಲ್ಲಿ ಹೋಗಿ ನಿಲ್ಲುತ್ತೀರಿ, ಎಡಗಾಲೇ ಇಡಬೇಕು. ಹೊಸ ಸೊಸೆಯಂದಿರಿಗೆ ಅತ್ತೆಯಂದಿರು ಮೊದಲು ಕಲಿಸುವುದೇ ಇದನ್ನು.

ಇವೆಲ್ಲ ನಮಗಿಂತ ಮುಂಚಿನವರು ನೋಡದೆ ಬಿಟ್ಟದ್ದು. ನಮ್ಮ ಕಾಲದಲ್ಲಿ ಒಂದೂ ತಪ್ಪಿಸಿಕೊಂಡಿರಲಿಲ್ಲ. ಹೀಗೆ ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ, ಬರಲಿ ಬಿಡಿ. ನಾನು ದ್ಯಾವಣ್ಣ, ನೋಡುವ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ನೋಡುವವನು. ಕಚೇರಿಯಲ್ಲಿರುವುದು ಇಬ್ಬರೇ, ನಾನು ಮತ್ತು ನಮ್ಮ ಮುಖ್ಯಸ್ಥರಾದ ತುಂಗಮ್ಮನವರು. ಅವರು ಮೂವತ್ತೊಂದು ವರ್ಷದಿಂದ ಇದ್ದಾರೆ. ಅವರ ಕಣ್ಣು ತಪ್ಪಿಸಿ ಊರಲ್ಲಿ ಒಂದು ಬೆಕ್ಕು ಬಣ್ಣ ಬದಲಾಯಿಸಿದರೂ ಸಿಕ್ಕಿಬೀಳುತ್ತದೆ.

ಜನ ತಿಳಿದುಕೊಂಡಿದ್ದಾರೆ, ನಾವು ಒಂದು ಪಟ್ಟಿ ಹಿಡಿದುಕೊಂಡು ಬಾವಿ ಇದೆ, ಕಟ್ಟೆ ಇದೆ, ಕಂಬ ಇದೆ ಅಂತ ಗುರುತು ಹಾಕಿಕೊಂಡು ಬರುತ್ತೇವೆ ಅಂತ. ಅಯ್ಯೋ, ಅದಕ್ಕೆ ನಾನು ಯಾಕೆ ಬೇಕು, ನನ್ನ ಹೆಂಡತಿಯ ತಮ್ಮ ಸಾಕು. ಪಟ್ಟಿಯಲ್ಲಿ ಇರುವುದು ಗೊತ್ತಿರುವ ಎಡವಟ್ಟು. ಗೊತ್ತಿಲ್ಲದ್ದು ಪಟ್ಟಿಗೆ ಬರುವುದಾದರೂ ಹೇಗೆ? ನಮ್ಮದು ಬೇರೆ ಕ್ರಮ. ತುಂಗಮ್ಮನವರು ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಒಂದೇ ಸಾಲು: ಎಲ್ಲಿಗೆ ಹೋಗಬೇಕು, ಏನನ್ನು ಇಟ್ಟುಕೊಂಡು ಹೋಗಬೇಕು, ಏನನ್ನು ಹುಡುಕಬೇಕು. ಹೇಗೆ ಅಂತ ಬರೆದಿರುವುದಿಲ್ಲ, ಅದು ನಮ್ಮ ತಲೆಗೆ ಬಿಟ್ಟದ್ದು. ಚೀಟಿ ಹಿಡಿದು ಹೊರಟರೆ ಒಂದೂವರೆ ಗಂಟೆ, ಅದಕ್ಕೆ ಒಂದು ಸುತ್ತು ಅನ್ನುತ್ತೇವೆ. ಹೊಸ ಮನೆಗೆ ಬಂದ ಕೂಸು ಹೇಗೆ ಮುಟ್ಟಿ, ಎಳೆದು, ಬೀಳಿಸಿ ನೋಡುತ್ತದೋ ಹಾಗೆ ನೋಡಬೇಕು. ಒಂದು ಸಿಕ್ಕಿದರೆ ಅದರ ಬಾಲ ಹಿಡಿದು ಹೋಗಬೇಕು. ನಡೆನಡೆಯುತ್ತಲೇ ಏನು ಮಾಡಿದೆ, ಎಷ್ಟು ನಿಮಿಷ ಅಂತ ಬರೆದುಕೊಳ್ಳಬೇಕು.

ಸುತ್ತಿನಲ್ಲಿದ್ದೇವೆ ಅನ್ನುವುದಕ್ಕೆ ಹೆಗಲ ಮೇಲೆ ಕೆಂಪು ಟವೆಲ್. ಟವೆಲ್ ಇರುವಷ್ಟು ಹೊತ್ತು ನಮ್ಮನ್ನು ಯಾರೂ ತಡೆಯುವ ಹಾಗಿಲ್ಲ, ನಾವೂ ಯಾರೊಡನೆಯೂ ಮಾತಾಡುವ ಹಾಗಿಲ್ಲ. ಮನೆಯಲ್ಲಿ ಜಗಳ ಶುರುವಾದಾಗ ನಾನು ಒಂದೆರಡು ಸಲ ಮೆಲ್ಲಗೆ ಈ ಟವೆಲನ್ನು ಹೆಗಲಿಗೆ ಹಾಕಿಕೊಂಡದ್ದುಂಟು. ಮೂರನೇ ಸಲ ನನ್ನ ಹೆಂಡತಿ ಅದನ್ನು ಒಲೆ ಒರೆಸುವುದಕ್ಕೆ ತೆಗೆದುಕೊಂಡಳು.

ಸುತ್ತು ಮುಗಿದ ಮೇಲೆ ಒಪ್ಪಿಸುವುದು. ಎದುರಿಗೆ ಕೂರಿಸಿಕೊಂಡು ತುಂಗಮ್ಮನವರು ಕೇಳುತ್ತಾರೆ: ಏನು ಮಾಡಿದೆ, ಏನು ಸಿಕ್ಕಿತು, ಏನು ಅಡ್ಡ ಬಂತು, ಇನ್ನೇನು ನೋಡುವುದು ಉಳಿಯಿತು, ಮನಸ್ಸಿಗೆ ಹೇಗನ್ನಿಸಿತು. ತೊಂಬತ್ತು ನಿಮಿಷಕ್ಕೂ ಲೆಕ್ಕ ಕೂಡಬೇಕು. ಕೂಡದಿದ್ದರೆ ಅವರು ಕನ್ನಡಕದ ಮೇಲಿಂದ ಒಂದು ನೋಟ ನೋಡುತ್ತಾರೆ. ಆ ನೋಟಕ್ಕಿಂತ ಹಾಗಲಕಾಯಿ ಮೇಜು ವಾಸಿ.

ಆ ಸೋಮವಾರ ನನಗೆ ಸಿಕ್ಕ ಚೀಟಿ ಇದು: ಗುಡ್ಡದ ಮೆಟ್ಟಿಲು, ಹೊರೆ ಹೊತ್ತು, ಭಾರ ಬಿದ್ದರೆ ಏನಾಗುತ್ತದೆ ನೋಡುವುದು. ಗುಡ್ಡದ ಮೇಲೆ ನಮ್ಮೂರ ಶಾಲೆ. ಮೆಟ್ಟಿಲು ಇನ್ನೂರ ಹನ್ನೆರಡು. ನಾನು ಅರ್ಧ ಚೀಲ ಮರಳು ತಲೆ ಮೇಲೆ ಇಟ್ಟುಕೊಂಡು, ಟವೆಲ್ ಹಾಕಿಕೊಂಡು ಬುಡಕ್ಕೆ ಹೋದರೆ ಅಲ್ಲಿ ಸೇವಂತಕ್ಕ ನಿಂತಿದ್ದಳು. ಶಾಲೆಯ ಅಡುಗೆಯವಳು, ಐವತ್ತೆಂಟು ವರ್ಷ. ತಲೆ ಮೇಲೆ ಅಕ್ಕಿ ತರಕಾರಿಯ ಪುಟ್ಟಿ, ಒಂದು ಕೈ ಮೊಣಕಾಲ ಮೇಲೆ.

ಅವಳ ಮೊಣಕಾಲಿನ ವಿಷಯ ಊರಿಗೇ ಗೊತ್ತು. ಎರಡು ವರ್ಷದಿಂದ ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರ ಹೆಸರು ಹೇಳಿಕೊಂಡು ಹತ್ತುತ್ತಿದ್ದಳು. ದೇವರುಗಳು ಮುಗಿದುಹೋಗಿ, ಮೇಲಿನ ಅರವತ್ತು ಮೆಟ್ಟಿಲಿಗೆ ನೆಂಟರ ಹೆಸರು ಹೇಳುತ್ತಿದ್ದಳಂತೆ. ಹೋದ ವಾರ ಹೆಡ್‌ಮೇಷ್ಟ್ರು ಶ್ರೀಕಂಠಯ್ಯ ಅವಳನ್ನು ಕರೆದು, ಇನ್ನೊಂದು ದಿನ ಶಾಲೆಯ ಬೆಲ್ಲು ಹೊಡೆದ ಮೇಲೆ ಬಂದರೆ ಬೇರೆ ಅಡುಗೆಯವಳನ್ನು ಇಟ್ಟುಕೊಳ್ಳುತ್ತೇನೆ ಅಂತ ಖಡಾಖಂಡಿತ ಹೇಳಿಬಿಟ್ಟಿದ್ದರು. ಗಂಡ ಇಲ್ಲ, ಮಕ್ಕಳಿಲ್ಲ, ಆ ಒಲೆಯೇ ಅವಳಿಗೆ ಎಲ್ಲ.

"ನೀನು ಮಾತಾಡೋ ಹಾಗಿಲ್ಲ, ಗೊತ್ತು ಕಣಪ್ಪ," ಅಂದಳು ನನ್ನ ಟವೆಲ್ ನೋಡಿ. "ನಾನೇ ಮಾತಾಡ್ಕೋತೀನಿ. ಇವತ್ತೂ ತಡ ಆಯ್ತು. ಇವತ್ತೇ ಕಡೇ ದಿನ ಅನ್ಸುತ್ತೆ. ಆಗಲಿ, ಇಪ್ಪತ್ತಾರು ವರ್ಷ ಬೇಯಿಸಿ ಹಾಕಿದ್ದೀನಿ, ಹೋಗ್ತಾ ಒಂದು ದಿನ ಉಪ್ಪು ಜಾಸ್ತಿ ಹಾಕಿ ಹೋಗ್ತೀನಿ."

ಇಬ್ಬರೂ ಹತ್ತಲು ಶುರುಮಾಡಿದೆವು. ಒಂದು, ಎರಡು, ಮೂರು. ಎಂಟಕ್ಕೆ ಅವಳು ಯಾವುದೋ ದೇವರನ್ನು ಕರೆದಳು. ಒಂಬತ್ತಕ್ಕೆ ಕಾಲಿಟ್ಟರೆ ನಾವು ಶಾಲೆಯ ಅಂಗಳದಲ್ಲಿದ್ದೆವು.

ಸೇವಂತಕ್ಕ ಹಿಂದೆ ನೋಡಿದಳು, ಮುಂದೆ ನೋಡಿದಳು, ಪುಟ್ಟಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ಶಾಲೆಯ ಬೆಲ್ಲು ಇನ್ನೂ ಹೊಡೆದಿರಲಿಲ್ಲ. ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು. "ದ್ಯಾವಣ್ಣ, ನಿನ್ನ ಕಾಲಿಗೆ ಬೀಳ್ತೀನಿ. ನೀನು ಏನೂ ನೋಡಿಲ್ಲ, ಅಲ್ವಾ?" ನಾನು ಟವೆಲ್ ಹಾಕಿಕೊಂಡವನು, ಬಾಯಿ ಬಿಡುವ ಹಾಗಿಲ್ಲ. ಅವತ್ತು ಆ ನಿಯಮಕ್ಕೆ ಕೈ ಮುಗಿದೆ.

ಕೆಲಸ ಮಾತ್ರ ಬಿಡಲಿಲ್ಲ. ಚೀಲ ಹೊತ್ತು ಇಳಿದೆ, ಒಂಬತ್ತು. ಚೀಲ ಬುಡದಲ್ಲಿಟ್ಟು ಬರಿದೇ ಹತ್ತಿದೆ, ಇನ್ನೂರ ಹನ್ನೆರಡೂ ಇದ್ದವು, ನಡುವೆ ಕೂತು ಏದುಸಿರು ಬಿಟ್ಟೆ. ಇಳಿದು ಮತ್ತೆ ಚೀಲ ಹೊತ್ತೆ, ಒಂಬತ್ತು. ಹೊರೆ ಹೊತ್ತವರಿಗೆ ಒಂಬತ್ತು, ಬರಿದೇ ಬಂದವರಿಗೆ ಇನ್ನೂರ ಹನ್ನೆರಡು. ಇಂಥ ಚೆಂದದ ಎಡವಟ್ಟು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಬರೆದು ಹಾಕಿದರೆ ಮುಂದಿನ ಸೋಮವಾರಕ್ಕೆ ಮೆಟ್ಟಿಲು ಸರಿಹೋಗುತ್ತದೆ, ಸೇವಂತಕ್ಕನ ಕೆಲಸ ಹೋಗುತ್ತದೆ.

ನಾನು 'ಎಡವಟ್ಟು ಏನೂ ಸಿಗಲಿಲ್ಲ' ಅಂತ ಬರೆದೆ. ಆದರೆ ಹೊತ್ತಿನ ಲೆಕ್ಕ ಕೂಡಬೇಕಲ್ಲ. ಚೀಲ ಹೊತ್ತು ಹತ್ತಿದ್ದಕ್ಕೆ ಇಪ್ಪತ್ತೈದು ನಿಮಿಷ ಅಂತ ಹಾಕಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೈ ಬರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ, ಮೆಟ್ಟಿಲ ಹೊತ್ತನ್ನು ಸುಳ್ಳು ಬರೆಯುವುದು ಹೇಗೆ? 'ಕಾಲಿನ ಮುಳ್ಳು ತೆಗೆದದ್ದು, ನಲವತ್ತು ನಿಮಿಷ' ಅಂತ ಬರೆದೆ. ಅದು ಸಣ್ಣ ಪಾಪ ಅನ್ನಿಸಿತು.

ತುಂಗಮ್ಮನವರು ಓದಿದರು. ಅವರು ಓದುವುದು ಅಂದರೆ ಕಾಗದದ ಮೇಲೆ ಗಾಳಿ ಬೀಸಿದ ಹಾಗೆ, ಒಂದು ಪುಟಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. "ನಲವತ್ತು ನಿಮಿಷ ತೆಗೆಯೋಕೆ ಅದೇನು ಮುಳ್ಳೋ, ಬೇಲಿ ಗೂಟವೋ?" ಅಂದರು.

"ಆಳಕ್ಕೆ ಹೋಗಿತ್ತು ಅಮ್ಮಾ."

"ಯಾವ ಕಾಲು?"

"ಎಡಗಾಲು," ಅಂದೆ. ಅವರು ನನ್ನ ಬಲಗಾಲನ್ನು ನೋಡಿದರು. ಯಾಕೆಂದರೆ ಬಾಗಿಲಿಂದ ಬರುವಾಗ ನಾನು ಜಾಣತನ ಮಾಡಿ ಬಲಗಾಲು ಕುಂಟಿಕೊಂಡು ಬಂದಿದ್ದೆ. ಅವರು ಕಾಗದ ಮಡಚಿ ಕಡತಕ್ಕೆ ಸೇರಿಸಿದರು.

ಮಂಗಳವಾರ ಬೆಳಿಗ್ಗೆ ಕಚೇರಿಗೆ ಹೋದರೆ ತುಂಗಮ್ಮನವರು ತಾವೇ ಟವೆಲ್ ಹಾಕಿಕೊಂಡು ನಿಂತಿದ್ದರು. ತಲೆ ಮೇಲೆ ಹಳೆಯ ಕಡತಗಳ ಒಂದು ಗಂಟು. ಗುಡ್ಡದ ಕಡೆಗೆ ಹೊರಟೇಬಿಟ್ಟರು. ನನ್ನ ಜೀವ ಬಾಯಿಗೆ ಬಂತು. ಮುಗಿಯಿತು, ಸೇವಂತಕ್ಕನ ಒಲೆಯೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು ಅಂದುಕೊಂಡು ಒಂದೂವರೆ ಗಂಟೆ ಉಗುರು ಕಚ್ಚುತ್ತಾ ಕೂತೆ.

ಸುತ್ತು ಮಾಡಿದವರು ಬೇರೆಯವರಿಗೆ ಒಪ್ಪಿಸಲೇಬೇಕು, ಮುಖ್ಯಸ್ಥರಾದರೂ ಬಿಡುವುದಿಲ್ಲ. ಇರುವವನು ನಾನೊಬ್ಬನೇ. ಅವರು ಬಂದು ನನ್ನ ಎದುರು ಕೂತು ಕಾಗದ ಮುಂದಿಟ್ಟರು. ಓದಿದೆ. ಎಡವಟ್ಟು ಏನೂ ಸಿಗಲಿಲ್ಲ. ಕಾಲಿನ ಮುಳ್ಳು ತೆಗೆದದ್ದು, ಐವತ್ತು ನಿಮಿಷ.

ನಾನು ತಲೆ ಎತ್ತಲಿಲ್ಲ. "ಅಮ್ಮಾ, ಆ ಮೆಟ್ಟಿಲ ಮೇಲೆ ಮುಳ್ಳು ಬಹಳ ಜಾಸ್ತಿ ಆಗಿದೆ," ಅಂದೆ.

"ಹೂಂ ಕಣಯ್ಯ. ಗುಡಿಸ್ಬೇಕು," ಅಂದರು. ಅವರ ಸೆರಗಿನ ತುದಿಯಲ್ಲಿ ಶಾಲೆಯ ಉಪ್ಪಿಟ್ಟಿನ ಒಂದು ಕರಿಬೇವಿನ ಎಲೆ ಅಂಟಿಕೊಂಡಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಕಚೇರಿಯ ಬಾಗಿಲು ದಢಾರನೆ ತೆರೆದುಕೊಂಡಿತು. ಮಜ್ಜಿಗೆ ನಿಂಗಕ್ಕ, ತಲೆ ಮೇಲೆ ಗಡಿಗೆ, ಮುಖದಲ್ಲಿ ಬೆಂಕಿ. ಈ ನಿಂಗಕ್ಕ ಇಪ್ಪತ್ತು ವರ್ಷದಿಂದ ಗುಡ್ಡದ ನೂರ ಮೂವತ್ತನೇ ಮೆಟ್ಟಿಲ ಮೇಲೆ ಕೂತು ಮಜ್ಜಿಗೆ ಮಾರುವವಳು. ಬಾಯಾರುವುದು ಸರಿಯಾಗಿ ಅಲ್ಲೇ ಅಂತ ಅಳೆದು ಹಿಡಿದ ಜಾಗ ಅದು.

"ನನ್ನ ಮೆಟ್ಟಿಲು ಎಲ್ಲಿಟ್ಟಿದ್ದೀರಿ?" ಅಂದಳು. "ನಿನ್ನೆಯಿಂದ ಹದಿನೇಳು ಸಲ ಹತ್ತಿದ್ದೀನಿ, ಹದಿನೇಳು ಸಲ ಇಳಿದಿದ್ದೀನಿ. ಗಡಿಗೆ ಹೊತ್ಕೊಂಡು ಹತ್ತಿದ್ರೆ ಸೀದಾ ಶಾಲೆ ಮುಂದೆ ಹೋಗಿ ನಿಲ್ತೀನಿ. ಇಳಿದ್ರೆ ಸೀದಾ ಬುಡಕ್ಕೆ. ನಡುವೆ ಏನೂ ಇಲ್ಲ! ಗಡಿಗೆ ಇಟ್ಟು ಬರಿದೇ ಹೋದ್ರೆ ನನ್ನ ಮೆಟ್ಟಿಲು ಇದೆ, ನನ್ನ ಮಣೆ ಇದೆ, ಎಲ್ಲ ಇದೆ. ಮಜ್ಜಿಗೆ ಇಲ್ಲದೆ ಅಲ್ಲಿ ಕೂತು ಏನು, ಗಾಳಿ ಮಾರ್ಲಾ? ನೀವಿಬ್ಬರೂ ನೋಡೋರು ಅಂತ ಇದ್ದೀರಲ್ಲ, ಏನು ನೋಡಿದ್ರಿ?"

ತುಂಗಮ್ಮನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ನಾಚಿಕೆಯಾದಷ್ಟು ಯಾವತ್ತೂ ಆಗಿಲ್ಲ. ಮುಚ್ಚಿಡುವ ಗಡಿಬಿಡಿಯಲ್ಲಿ ನಡುವಿನ ಮೆಟ್ಟಿಲ ಮೇಲೆ ಯಾರು ಬದುಕುತ್ತಾರೆ ಅಂತ ನೋಡುವುದನ್ನೇ ಇಬ್ಬರೂ ಮರೆತಿದ್ದೆವು. ಐವತ್ತೂ ನಲವತ್ತೂ ತೊಂಬತ್ತು ನಿಮಿಷ, ಪೂರ್ತಿ ಒಂದು ಸುತ್ತನ್ನೇ ಮುಳ್ಳಿಗೆ ಕೊಟ್ಟಿದ್ದೆವು.

ಅಷ್ಟರಲ್ಲಿ ಸೇವಂತಕ್ಕನೂ ಬಂದಳು. ಎರಡು ದಿನದಿಂದ ನಿಂಗಿಯ ಮುಖ ನೋಡಿಲ್ಲ, ಹುಷಾರಿಲ್ಲವೇನೋ ಅಂತ ಹುಡುಕಿಕೊಂಡು ಹೊರಟವಳು, ಕಚೇರಿಯಿಂದ ಬರುತ್ತಿದ್ದ ಕೂಗು ಕೇಳಿ ಒಳಗೆ ಬಂದಿದ್ದಳು. ದಿನಾ ಅವಳನ್ನು ನೂರ ಮೂವತ್ತರಲ್ಲಿ ಕೂರಿಸಿ ಒಂದು ಲೋಟ ಮಜ್ಜಿಗೆ ಕೊಟ್ಟು, ಮೊಣಕಾಲಿಗೆ ಎಣ್ಣೆ ತಿಕ್ಕಿ ಮೇಲೆ ಕಳಿಸುತ್ತಿದ್ದವಳೇ ಈ ನಿಂಗಕ್ಕ. ಸಂಗತಿ ತಿಳಿದದ್ದೇ ಸೇವಂತಕ್ಕ ಗೋಡೆಗೆ ಒರಗಿದಳು. "ಬರೀರಿ," ಅಂದಳು. "ನನ್ನ ಕಾಲು ಉಳೀಲಿ ಅಂತ ಅವಳ ಜಾಗ ತೆಗೆಯೋಕಾಗುತ್ತಾ? ಬರೆದು ಪೆಟ್ಟಿಗೆಗೆ ಹಾಕಿ."

"ನೀನು ಬಾಯಿ ಮುಚ್ಚು," ಅಂದಳು ನಿಂಗಕ್ಕ. ಸಿಟ್ಟು ಈಗ ಅತ್ತ ತಿರುಗಿತ್ತು. "ನಿನ್ನ ಕೆಲಸ ಹೋದ್ರೆ ಯಾರು ಸಾಕ್ತಾರೆ ನಿನ್ನ? ನಾನು ಸಂತೆ ಬೀದೀಲಿ ಕೂತ್ಕೋತೀನಿ."

"ಸಂತೆ ಬೀದೀಲಿ ನಿನ್ನ ಹುಳಿ ಮಜ್ಜಿಗೆ ಯಾರು ಕುಡೀತಾರೆ? ಬರೀ ದ್ಯಾವಣ್ಣ!"

"ಬರೆದ್ರೆ ಕೈ ಮುರೀತೀನಿ ದ್ಯಾವಣ್ಣ!"

ಅಲ್ಲಿಗೆ ನನ್ನ ಪಾಡು ಎರಡು ಎಮ್ಮೆ ನಡುವೆ ಸಿಕ್ಕ ಹುಲ್ಲಿನ ಹೊರೆಯ ಪಾಡಾಯಿತು. ತುಂಗಮ್ಮನವರು ಮೇಜಿನ ಮೇಲೆ ಒಂದು ಗುದ್ದು ಗುದ್ದಿದರು. "ಅರ್ಧ ನೋಡಿ ಅಳೋದು ನಮ್ಮ ಕೆಲಸ ಅಲ್ಲ," ಅಂದರು. "ತಪ್ಪಾಯ್ತು, ನಂದೂ ತಪ್ಪು. ಈಗ ನಾಲ್ಕು ಗಂಟೆ. ಇನ್ನೊಂದು ಸುತ್ತಿಗೆ ಹೊತ್ತಿದೆ. ಹೋಗಿ ಪೂರ್ತಿ ನೋಡ್ಕೊಂಡು ಬಾ." ಚೀಟಿಯಲ್ಲಿ ಬರೆದುಕೊಟ್ಟರು: ಗುಡ್ಡದ ಮೆಟ್ಟಿಲು, ಸಿಕ್ಕಿದ್ದನ್ನೆಲ್ಲ ಹೊತ್ತು, ಹೊರೆ ಅಂದರೆ ಮೆಟ್ಟಿಲಿಗೆ ಯಾವುದು ಅಂತ ತಿಳಿಯುವುದು.

ಅಂಥ ಸುತ್ತನ್ನು ನಾನು ಮತ್ತೆ ಮಾಡಿಲ್ಲ. ಒಂಬತ್ತಕ್ಕೆ ಶಾಲೆ ಬಂದರೆ ಹೊರೆ, ಬರದಿದ್ದರೆ ಅಲ್ಲ, ಹಾಗಾಗಿ ಹೊತ್ತು ಹಿಡಿಯುತ್ತಿರಲಿಲ್ಲ. ಮರಳಿನ ಚೀಲವನ್ನು ಹೆಗಲ ಮೇಲೆ ಹಾಕಿ ಹತ್ತಿದೆ, ಹತ್ತನೇ ಮೆಟ್ಟಿಲು ಬಂತು, ಹೊರೆ ಅಲ್ಲ. ಬೆನ್ನ ಮೇಲೆ, ಅಲ್ಲ. ಎರಡೂ ಕೈಯಲ್ಲಿ ಎರಡು ಇಟ್ಟಿಗೆ, ಅಲ್ಲ. ಮೆಟ್ಟಿಲಿಗೆ ಭಾರದ ಯೋಚನೆಯೇ ಇದ್ದ ಹಾಗೆ ಕಾಣಲಿಲ್ಲ. ಸರಿ, ಒಂದು ನಿಂಬೆಹಣ್ಣು ತಲೆ ಮೇಲಿಟ್ಟುಕೊಂಡು, ಕತ್ತು ಬಿಗಿಹಿಡಿದು ಮದುವೆ ಗಂಡಿನ ಹಾಗೆ ಹತ್ತಿದೆ. ಒಂಬತ್ತಕ್ಕೆ ಶಾಲೆ! ಸುತ್ತಿದ ರುಮಾಲು ಹೊರೆ ಅಲ್ಲ, ರುಮಾಲಿನ ಮೇಲೆ ಇಟ್ಟ ವೀಳ್ಯದೆಲೆ ಹೊರೆ. ಒಟ್ಟಿನಲ್ಲಿ ತಲೆ ಮೇಲೆ ಏನಾದರೂ ಇಟ್ಟುಕೊಂಡಿರಬೇಕು, ಅಷ್ಟೇ.

ಮಾತಾಡುವ ಹಾಗಿಲ್ಲವಲ್ಲ, ಸೇವಂತಕ್ಕನ ಜೊತೆ ಬುಡದಲ್ಲಿ ನಿಂತಿದ್ದ ನಿಂಗಕ್ಕನಿಗೆ ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೋ ಅಂತ ಸನ್ನೆ ಮಾಡಿದೆ. ಅವಳಿಗೆ ನಾನು ಕುಣಿಯುತ್ತಿದ್ದೇನೆ ಅನ್ನಿಸಿತು. ಕೊನೆಗೆ ಸೇವಂತಕ್ಕನೇ ಅರ್ಥಮಾಡಿಕೊಂಡು ಗಡಿಗೆ ಇಳಿಸಿ ಅವಳ ಸೊಂಟಕ್ಕೆ ಇಟ್ಟಳು. ನಿಂಗಕ್ಕ ಹತ್ತಿದಳು. ಹತ್ತು, ಇಪ್ಪತ್ತು, ನೂರು. ನೂರ ಮೂವತ್ತರಲ್ಲಿ ತನ್ನ ಮಣೆ ಮೇಲೆ ಕೂತು, ಗಡಿಗೆ ತಬ್ಬಿಕೊಂಡು ಊರಿಗೆಲ್ಲ ಕೇಳುವ ಹಾಗೆ ಅತ್ತಳು. ಹಿಂದೆಯೇ ಹೋಗಿದ್ದ ನನಗೂ ಕಣ್ಣು ತುಂಬಿ ಬಂತು. ಟವೆಲ್ ಇದ್ದದ್ದು ಒಳ್ಳೆಯದಾಯಿತು, ಒರೆಸಿಕೊಂಡೆ.

"ಜಾಗ ಸಿಕ್ತು ಸರಿ," ಅಂದಳು ಅತ್ತು ಮುಗಿಸಿ. "ಆದ್ರೆ ತಲೆ ಮೇಲೆ ಹೊತ್ತೋರೆಲ್ಲ ಹಂಗೇ ಹಾರಿ ಹೋಗ್ತಾರೆ. ಇಲ್ಲಿಗೆ ಯಾರು ಬರ್ತಾರೆ?"

ಆಗ ಕೆಳಗಿನಿಂದ ಉಸ್ಸಪ್ಪಾ ಅನ್ನುವ ಸದ್ದು. ಶ್ರೀಕಂಠಯ್ಯ ಮೇಷ್ಟ್ರು, ಶಾಲೆ ಬಿಟ್ಟು ಬುಡದವರೆಗೂ ಹೋಗಿ, ಛತ್ರಿ ಮರೆತದ್ದು ನೆನಪಾಗಿ ವಾಪಸ್ಸು ಹತ್ತಿ ಬರುತ್ತಿದ್ದರು. ಎಣ್ಣೆ ಹಚ್ಚಿ ಬಾಚಿದ ಆ ತಲೆ ಮೇಲೆ ಹುಟ್ಟಿದಾಗಿನಿಂದ ಒಂದು ಹುಲ್ಲುಕಡ್ಡಿ ಕೂತದ್ದಿಲ್ಲ. ಕೂತು ಒಂದು ಲೋಟ ಕುಡಿದರು, ಇನ್ನೊಂದು ಕುಡಿದರು. ಆಮೇಲೆ ನನ್ನನ್ನು ನೋಡಿ, "ಏನೋ ಎಡವಟ್ಟಿದೆ ಕಣ್ರೀ ದ್ಯಾವಣ್ಣ. ಆ ಸೇವಂತಮ್ಮ ಎರಡು ದಿನದಿಂದ ನನಗಿಂತ ಮುಂಚೆ ಬಂದಿರ್ತಾಳೆ. ಇದನ್ನ ಬರೀಲೇಬೇಕು ನೀವು," ಅಂದರು. ನಾನು ಟವೆಲ್ ತೋರಿಸಿದೆ. ನಿಂಗಕ್ಕ ಕೇಳದೆಯೇ ಅವರಿಗೆ ಮೂರನೇ ಲೋಟ ಬಗ್ಗಿಸಿದಳು.

ಐದೂವರೆಗೆ ಕಚೇರಿಗೆ ಬಂದು ಬರೆಯಲು ಕೂತೆ. ಈಗ ಯಾರಿಗೂ ತೊಂದರೆ ಇಲ್ಲ, ಸುಮ್ಮನೆ ಬಿಟ್ಟುಬಿಡಬಹುದಲ್ಲ ಅನ್ನಿಸಿತು. ಆದರೆ ಇನ್ನೊಂದು ಮುಳ್ಳನ್ನು ನನ್ನ ಕಾಲು ತಡೆಯುವ ಹಾಗಿರಲಿಲ್ಲ. ಎಲ್ಲವನ್ನೂ ಬರೆದೆ. ಒಂಬತ್ತು ಮೆಟ್ಟಿಲು ಬರೆದೆ, ನಿಂಬೆಹಣ್ಣು ಬರೆದೆ, ಸೋಮವಾರದ ಮುಳ್ಳು ಸುಳ್ಳು ಅಂತಲೂ ಬರೆದೆ. ಬರೆಯುವಾಗ ಬೆಂಚಿನ ಮೇಲೆ ನಿಂಗಕ್ಕನ ಪಕ್ಕ ಕೂತಿದ್ದ ಸೇವಂತಕ್ಕನ ಕಡೆ ನೋಡಲು ಧೈರ್ಯವಾಗಲಿಲ್ಲ. "ನೀನು ನಿಜಾನೇ ಬರಿಯಪ್ಪ, ನಾನು ಬೇಜಾರು ಮಾಡ್ಕೊಳ್ಳಲ್ಲ," ಅಂದಳು.

ಆರಕ್ಕೆ ಹನ್ನೆರಡು ನಿಮಿಷ ಇರುವಾಗ ಮೂರು ಪುಟ ತುಂಗಮ್ಮನವರ ಕೈಗೆ ಕೊಟ್ಟೆ. ಅವರು ಓದಿ ಸಹಿ ಮಾಡಿದ ಮೇಲೆಯೇ ಪೆಟ್ಟಿಗೆಗೆ ಹಾಕುವುದು. ಅವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಇನ್ನೊಂದು ಗಾಜು ಸರಿಯಾಗಿಲ್ಲ ಅಂತ ಮತ್ತೆ ತೆಗೆದು ಒರೆಸಿದರು. ಮೊದಲನೇ ಸಾಲಿನ ಮೇಲೆ ಬೆರಳಿಟ್ಟು, ಒಂದನೇ ತರಗತಿಯ ಕೂಸಿನ ಹಾಗೆ ಒಂದೊಂದೇ ಪದ ಗಟ್ಟಿಯಾಗಿ ಓದತೊಡಗಿದರು.

"ಅಮ್ಮಾ, ಹೊತ್ತಾಗ್ತಾ ಬಂತು," ಅಂದೆ.

"ಸುಮ್ನಿರಯ್ಯ. ಮೂವತ್ತೊಂದು ವರ್ಷದಲ್ಲಿ ಓದದೆ ಒಂದಕ್ಕೂ ಸಹಿ ಹಾಕಿಲ್ಲ. ಈ ನಿಂಬೆಹಣ್ಣು ಎಷ್ಟು ದಪ್ಪ ಇತ್ತು?"

ತೋರಿಸಿದೆ.

"ಹಣ್ಣೋ, ಕಾಯೋ?"

"ಹಣ್ಣೇ ಅಮ್ಮಾ."

"ಬರೆದಿಲ್ಲವಲ್ಲ. ಬರಿ ಇಲ್ಲಿ." ನಾನು ಬರೆದೆ. ಅವರು ಮತ್ತೆ ಮೊದಲಿನಿಂದ ಶುರುಮಾಡಿದರು. ಎರಡನೇ ಪುಟದ ಅರ್ಧಕ್ಕೆ ಕುಡಿಯಲು ನೀರು ಕೇಳಿದರು. ನೀರು ಕುಡಿದು, ಎಲ್ಲಿದ್ದೆ ಅಂತ ಹುಡುಕಿದರು. ನನಗೆ ಆಗಲೂ ಹೊಳೆಯಲಿಲ್ಲ, ನಾನೊಬ್ಬ ಪೆದ್ದ, ಪೆಟ್ಟಿಗೆಯ ಮುಚ್ಚಳ ತೆರೆದು ಹಿಡಿದುಕೊಂಡು ಚಡಪಡಿಸುತ್ತಿದ್ದೆ. ನಿಂಗಕ್ಕನೇ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿದಳು.

ಮೂರನೇ ಪುಟದ ನಡುವೆ ಆರರ ಗಂಟೆ ಹೊಡೆಯಿತು. ಒಂದೊಂದು ಹೊಡೆತಕ್ಕೂ ಗೋಡೆ, ನೆಲ, ಬೆಂಚು ಸಣ್ಣಗೆ ಬಿಗಿದುಕೊಂಡವು. ಊರು ಗಟ್ಟಿಯಾಯಿತು. ಸೇವಂತಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತುಂಗಮ್ಮನವರು ಮಾತ್ರ ತಲೆ ಎತ್ತಲಿಲ್ಲ. ಉಳಿದದ್ದನ್ನು ಕೊನೆಯ ಸಾಲಿನವರೆಗೂ ಓದಿದರು.

"ಚೆನ್ನಾಗಿ ಬರೆದಿದ್ದೀಯ ಕಣಯ್ಯ," ಅಂದರು. "ಒಂದೂ ಬಿಟ್ಟಿಲ್ಲ." ಆಮೇಲೆ ಸೇವಂತಕ್ಕನ ಕಡೆ ತಿರುಗಿ ಗದರಿದರು. "ಇನ್ನು ಮೇಲೆ ತಡ ಆಯ್ತು ಅಂದ್ರೆ ನಿನ್ನದೇ ತಪ್ಪು ನೋಡು." ಲೇಖನಿ ತೆಗೆದುಕೊಂಡು ಸಹಿ ಹಾಕಿ, ಪಕ್ಕದಲ್ಲಿ ಹೊತ್ತು ಬರೆದರು: ಸಂಜೆ ಆರು ಗಂಟೆ ಎರಡು ನಿಮಿಷ. ಅವರೂ ಸುಳ್ಳು ಬರೆಯಲಿಲ್ಲ.